ಇಲ್ಲದ ಸೂತಕ

ಮೊನ್ನೆ ನಮ್ಮೂರ ನಾಲೆಗೆ ನೀರು ಬಂತು. ನಿಂತ ಕಬ್ಬು ಉಳಿಸಲು ಅಣೆಕಟ್ಟೆಯಿಂದ ನೀರು ಬಿಟ್ಟಿದ್ದಾರೆಂದು ಹಿಂದಿನ ದಿನವೇ ಡೇರಿಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಏರಿಯ ಮೇಲೆ ಹೋಗಿ ನಿಂತೆ. ಬಿರುಕು ಬಿಟ್ಟ ಮಣ್ಣಿನ ಮೇಲೆ ನೀರು ತಡವರಿಸುತ್ತ, ತರಗೆಲೆ, ತೆಂಗಿನ ಗರಿ, ಹರಿದ ಚಪ್ಪಲಿ, ಖಾಲಿ ಬಾಟಲಿಗಳನ್ನು ಮುಂದೆ ತಳ್ಳಿಕೊಂಡು ಬರುತ್ತಿತ್ತು. ಆಗ ಒಂದು ವಾಸನೆ ಏಳುತ್ತದೆ. ಮಳೆ ಬಿದ್ದಾಗ ಬರುವ ವಾಸನೆಯಲ್ಲ. ಕೊಳೆತ ಎಲೆ, ಬಿಸಿ ಧೂಳು, ಸತ್ತ ಏಡಿ ಎಲ್ಲ ಸೇರಿದ ಕಮಟು ವಾಸನೆ. ನಾಲೆ ಬಯಲಿನವರಿಗೆ ಅದು ಒಳ್ಳೆಯ ವಾಸನೆಯೇ. ನಾನು ಮಾತ್ರ ಮೂರು ವರ್ಷದಿಂದ ಅದು ಮೂಗಿಗೆ ಬಡಿದರೆ ಮುಖ ತಿರುಗಿಸುತ್ತೇನೆ. ಭಾಗ್ಯ ಮತ್ತೆ ಓಡಲು ಶುರುಮಾಡಿದ್ದು ಇಂಥದೇ ದಿನ, ಇದೇ ಏರಿಯ ಮೇಲೆ.

ಭಾಗ್ಯ ನನ್ನ ತಮ್ಮ ಕಾಳಪ್ಪನ ಸೊಸೆ. ನಾವು ಮರಗೆಲಸದ ಆಚಾರರು. ತೊಣ್ಣೂರಿಗೂ ಪಾಂಡವಪುರಕ್ಕೂ ನಡುವಿನ ನಮ್ಮೂರಲ್ಲಿ ನಮ್ಮವರದು ಎರಡೇ ಮನೆ, ಎರಡಕ್ಕೂ ನಡುವೆ ಒಂದೇ ಗೋಡೆ. ಆ ಕಡೆ ಒಗ್ಗರಣೆ ಸಿಡಿದರೆ ಈ ಕಡೆ ಸೀನು ಬರುತ್ತದೆ. ಭಾಗ್ಯ ಕೆ.ಆರ್. ಪೇಟೆ ಕಡೆಯ ಹುಡುಗಿ. ಕಾಲೇಜಿನಲ್ಲಿ ದೂರದ ಓಟಕ್ಕೆ ಹೆಸರಾಗಿದ್ದವಳು. ಕಣಕಾಲಿನ ಮೂಳೆ ಬಿರುಕು ಬಿಟ್ಟು ಓಟ ನಿಂತಿತು. ಅದು ಕೂಡಿಕೊಳ್ಳುವಷ್ಟರಲ್ಲಿ ಮದುವೆಯಾಯಿತು, ಮಗಳು ಹುಟ್ಟಿದಳು, ಗಾರ್ಮೆಂಟ್ಸ್ ಕೆಲಸ ಸಿಕ್ಕಿತು. ನಮ್ಮೂರಿಗೆ ಬಂದ ಮೇಲೆ ಅವಳು ಓಡಿದ್ದೆಂದರೆ ಫ್ಯಾಕ್ಟರಿ ಬಸ್ಸು ಹಿಡಿಯಲು ಮಾತ್ರ.

ನಾನೂ ಓಡುತ್ತಿದ್ದವನು. ಹೈಸ್ಕೂಲಿನಲ್ಲಿದ್ದಾಗ ಪಾಂಡವಪುರದ ಮೈದಾನದಲ್ಲಿ ದೂರದ ಓಟವೆಂದರೆ ನನ್ನ ಹೆಸರೇ ಮೊದಲು ಕೂಗುತ್ತಿದ್ದರು. ಜಿಲ್ಲೆಯ ಪಂದ್ಯದಲ್ಲಿ ಮೂರನೆಯವನಾಗಿ ಬಂದೆ. ಅಷ್ಟರಲ್ಲಿ ಅಪ್ಪನ ಕೈ ನಡುಗಲು ಶುರುವಾಗಿ, ಮರ ಕೆತ್ತುವ ಬಾಚಿ ನನ್ನ ಕೈಗೆ ಬಂತು. ನನ್ನನ್ನು ಯಾರೂ ತಡೆಯಲಿಲ್ಲ, ನಾನೇ ಬಿಟ್ಟೆ. ಆದರೂ ಎಲ್ಲಿ ಹೋದರೂ "ನಮ್ಮ ಕಾಲದಲ್ಲಿ ಓಟ" ಎಂದು ಶುರುಮಾಡುವ ಚಟ ನನಗೆ ಬಿಡಲಿಲ್ಲ. ಕೇಳಿ ಕೇಳಿ ಊರವರಿಗೆ ಬಾಯಿಪಾಠವಾಗಿತ್ತು.

ಆವತ್ತು ನಾನು ಹೀಗೇ ನೀರು ನೋಡುತ್ತ ನಿಂತಿದ್ದೆ. ಭಾಗ್ಯ ಮಗಳನ್ನು ಸ್ಕೂಲ್ ವ್ಯಾನಿಗೆ ಹತ್ತಿಸಿ ಬಂದು ಪಕ್ಕದಲ್ಲಿ ನಿಂತಳು.

"ದೊಡ್ಮಾವ, ಈ ಏರಿ ಮೇಲೆ ಎಲ್ಲೀಗಂಟ ಓಡ್ಬೋದು?"

"ಯಾಕವ್ವ? ಯಾರ್ನ ಅಟ್ಟಿಸ್ಕಂಡು ಹೋಗ್ಬೇಕಾಗಿತ್ತು?"

ನಕ್ಕಳು. "ಮೈಸೂರಲ್ಲಿ ಮ್ಯಾರಥಾನ್ ಅದೆ ದೊಡ್ಮಾವ. ಗಣೇಶನ ಹಬ್ಬ ಆದ್ಮೇಲೆ. ನಲವತ್ತೆರಡು ಕಿಲೋಮೀಟ್ರು. ಕಾಲೇಜಲ್ಲೂ ಅಷ್ಟು ದೂರ ಓಡಿರ್ನಿಲ್ಲ. ಒಂದೇ ಒಂದ್ಸಲ ಓಡ್ಬೇಕು ಅಂತ ಆಸೆ."

"ಮನೇಲಿ ಒಪ್ಪವ್ರಾ?"

"ಈ ಒಂದ್ಸಲಕ್ಕೆ ಅಂದವ್ರೆ."

ಆ ಒಂದು ಸಲದ ಲೆಕ್ಕವೇನೆಂದು ನನ್ನ ಹೆಂಡತಿ ಪುಟ್ಟತಾಯಿ ಆಮೇಲೆ ಬಿಡಿಸಿ ಹೇಳಿದಳು. ಭಾಗ್ಯಳ ಅತ್ತೆ ಜಯಮ್ಮನಿಗೆ ಇನ್ನೊಂದು ಮೊಮ್ಮಗು ಬೇಕು. ಈ ವರ್ಷ ಓಡಿ ಮುಗಿಸಲಿ, ಆಮೇಲೆ ಓಟದ ಮಾತೇ ಎತ್ತಬಾರದು ಎಂದು ಮನೆಯಲ್ಲಿ ಮಾತಾಗಿತ್ತು. ಗಂಡ ಮೋಹನ ಮೈಸೂರಿನಲ್ಲಿ ಅಡುಗೆಮನೆ ಕಪಾಟು ಮಾಡುವ ಕೆಲಸಕ್ಕೆ ಹೋಗುತ್ತಿದ್ದ. ಒಳ್ಳೆಯ ಹುಡುಗ, ಅವ್ವನ ಮುಂದೆ ಬಾಯಿಲ್ಲ.

ಅವಳು ನನ್ನನ್ನು ಕೇಳಿದ್ದಳು. ಊರಲ್ಲಿ ಇಷ್ಟು ಜನರಿರುವಾಗ ನನ್ನನ್ನು. ಆ ತಿಂಗಳು ನಾನು ನೆಲದ ಮೇಲಿರಲಿಲ್ಲ. ಬೆಳಕು ಹರಿಯುವ ಮುಂಚೆ ಮೊಪೆಡ್ ತೆಗೆದು ಅವಳ ಹಿಂದೆ ಹೊರಡುತ್ತಿದ್ದೆ. ಏರಿಯ ಯಾವ ಕಡೆ ಮಣ್ಣು ಮೆತ್ತಗಿದೆ, ಯಾವ ತೂಬಿನ ಹತ್ತಿರ ಕಲ್ಲು ಎದ್ದಿದೆ ತೋರಿಸಿದೆ. ಬೆರಳ ತುದಿಯಲ್ಲಿ ಓಡು ಎಂದೆ. ಓಡುವಾಗ ನೀರು ಕುಡಿಯಬಾರದು, ಹೊಟ್ಟೆ ಹಿಡಿದುಕೊಳ್ಳುತ್ತದೆ ಎಂದೆ. ಅವಳು ಎಲ್ಲಕ್ಕೂ ತಲೆಯಾಡಿಸಿದಳು. ಕಬ್ಬಿಗೆ ನೀರು ಹಾಯಿಸುವವರು ಗುದ್ದಲಿ ಊರಿಕೊಂಡು ನಿಂತು ನೋಡುತ್ತಿದ್ದರು.

"ಏನ್ ಆಚಾರ್ರೇ, ಸೊಸೇನ ಮಿಲಿಟ್ರಿಗೆ ಕಳಿಸ್ತೀರಾ?"

"ಮ್ಯಾರಥಾನ್ ಕಣ್ಲಾ. ನಿಂಗೇನ್ ಗೊತ್ತು ಮ್ಯಾರಥಾನು."

ಹೀಗೆ ಹೇಳುವಾಗ ನನ್ನ ಎದೆ ಎಷ್ಟು ಉಬ್ಬುತ್ತಿತ್ತೆಂದರೆ, ಓಡುತ್ತಿರುವುದು ನಾನೇ ಎಂದುಕೊಳ್ಳುತ್ತಿದ್ದೆ. ತಪ್ಪು ಶುರುವಾದದ್ದು ಅಲ್ಲೇ ಇರಬೇಕು.

ಆಷಾಢದ ಗಾಳಿ ಬೀಸಲು ಶುರುವಾಯಿತು. ಫ್ಯಾಕ್ಟರಿಯ ಗೆಳತಿಯೊಬ್ಬಳು ಭಾಗ್ಯಳನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಭಾನುವಾರ ಬೆಳಿಗ್ಗೆ ಒಟ್ಟಾಗಿ ಓಡುವವರ ಗುಂಪೊಂದಿತ್ತು. ಕೋಟೆ ಬಾಗಿಲಿಂದ ಹೊರಟು ಬೆಳಗೊಳದ ದಾರಿ ಹಿಡಿದು ಓಡಿ ವಾಪಸ್ಸು ಬರುತ್ತಿದ್ದರು. ಓಡಿಸುತ್ತಿದ್ದವರು ಒಬ್ಬ ನರ್ಸಮ್ಮ, ಮೂರು ನಾಲ್ಕು ಮ್ಯಾರಥಾನ್ ಮುಗಿಸಿದವರು. ಅಲ್ಲಿಂದ ಬಂದ ಮೊದಲ ಸಲ ಭಾಗ್ಯ ಏರಿಯ ಮೇಲೆ ನಿಧಾನವಾಗಿ ಓಡಲು ಶುರುಮಾಡಿದಳು, ಸೊಂಟಕ್ಕೆ ನೀರಿನ ಬಾಟಲಿ ಕಟ್ಟಿಕೊಂಡು.

"ಇದೇನವ್ವ, ಎಮ್ಮೆ ಹೊಡ್ಕಂಡು ಹೋದಂಗೆ ಓಡ್ತೀಯ?"

"ನಿಧಾನ ಓಡುದ್ರೇ ದೂರ ಓಡೋಕಾಗೋದು ಅಂತವ್ರೆ ಸಿಸ್ಟರ್ರು. ಬೆರಳ ಮೇಲೆ ಓಡುದ್ರೆ ಹಳೇ ಮೂಳೆ ಮತ್ತೆ ಬಿರುಕ್ ಬುಡ್ತದಂತೆ ದೊಡ್ಮಾವ." ಹೇಳುವಾಗ ಅವಳು ನನ್ನ ಮುಖ ನೋಡದೆ ಲೇಸು ಕಟ್ಟುತ್ತಿದ್ದಳು. ನನಗೆ ನೋವಾಗಬಾರದೆಂದು.

ಒಂದು ಭಾನುವಾರ ನಾನೂ ಶ್ರೀರಂಗಪಟ್ಟಣಕ್ಕೆ ಹೋದೆ, ಆ ನರ್ಸಮ್ಮನ ಜೊತೆ ಎರಡು ಮಾತಾಡಬೇಕೆಂದೇ. ಆಕೆ ನನಗೆ ಕುರ್ಚಿ ಹಾಕಿಸಿ, ಟೀ ತರಿಸಿ, ನನ್ನ ಮಾತನ್ನೆಲ್ಲ ಕೇಳಿಸಿಕೊಂಡರು. ಕೊನೆಗೆ "ಆವಾಗೆಲ್ಲ ಹಾಗೇ ಹೇಳ್ಕೊಡ್ತಿದ್ರು ಅಂಕಲ್, ನಿಮ್ಮ ತಪ್ಪಲ್ಲ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಟೀಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ವಾಪಸ್ಸು ಬರುವಾಗ ಬಸ್ಸಿನ ಕಿಟಕಿಯಿಂದ ನೋಡಿದೆ: ಇಪ್ಪತ್ತು ಜನರ ನಡುವೆ ಭಾಗ್ಯ ಓಡುತ್ತಿದ್ದಳು. ಏನೋ ಮಾತಾಡಿಕೊಂಡು ನಗುತ್ತಿದ್ದಳು. ಓಡುತ್ತ ನಗಬಹುದು ಎಂಬುದೇ ನನಗೆ ಗೊತ್ತಿರಲಿಲ್ಲ. ನಾನು ಓಡಿದ್ದೆಲ್ಲ ಹಲ್ಲು ಕಚ್ಚಿ.

ಮೊಪೆಡ್ ಕೊಟ್ಟಿಗೆಯಲ್ಲೇ ಉಳಿಯಿತು. ಮಂಡಿ ನೋವು ಎಂದೆ. ಮಂಡಿ ನೋವೂ ಇತ್ತು.

ಅಲ್ಲಿಂದ ಮುಂದೆ ನನ್ನ ಕಿವಿ ಗೋಡೆಗೇ ಅಂಟಿಕೊಂಡಿತು. ಬೆಳಿಗ್ಗೆ ಆ ಕಡೆ ಚಿಲಕ ತೆಗೆದ ಸದ್ದಿಗೆ ಎಚ್ಚರವಾಗುತ್ತಿತ್ತು. ಮಳೆ ಬಂದರೆ ಸಂತೋಷ, ಇವತ್ತು ಓಡುವುದಿಲ್ಲ ಎಂದು. ಮಳೆಯಲ್ಲೂ ಓಡಿ ಬಂದು ಅಂಗಳದಲ್ಲಿ ಕಾಲಿನ ಕೆಸರು ತೊಳೆಯುವ ಸದ್ದು ಕೇಳಿದರೆ ಬಾಯಿ ಕಹಿ. ಡೇರಿಯಲ್ಲಿ ಹಾಲು ಅಳೆಯುವ ಗೌಡ ನನ್ನನ್ನು ಕಂಡರೆ ಬಿಡುತ್ತಿರಲಿಲ್ಲ.

"ಆಚಾರ್ರೇ, ನಿಮ್ ಸೊಸೆ ನಿನ್ನೆ ತೊಣ್ಣೂರು ಕೆರೆ ತಾವ ನಮ್ಮ ಬೈಕ್‌ನೇ ಹಿಂದಾಕ್ಬುಟ್ಳಲ್ರೀ!"

"ನನ್ ಸೊಸೆ ಅಲ್ಲ. ನನ್ ತಮ್ಮನ ಸೊಸೆ."

"ಓ! ಹೋದ್ ತಿಂಗಳು ನಿಮ್ ಸೊಸೆ ಆಗಿದ್ಳಲ್ಲ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದರೆ ಪುಟ್ಟತಾಯಿ ಒಲೆ ಮುಂದೆ ಕೂತು ರಾಗಿ ಹುರಿಯುತ್ತಿದ್ದಳು. ಯಾರಿಗೆ ಎಂದು ಕೇಳಬೇಕಾಗಿರಲಿಲ್ಲ. ಹುರಿಹಿಟ್ಟಿಗೆ ಬೆಲ್ಲ ಏಲಕ್ಕಿ ಹಾಕಿ ಡಬ್ಬಿ ತುಂಬಿ ಗೋಡೆಯಾಚೆ ಕೊಟ್ಟುಬಂದಳು. "ನಾನು ಓಡೋವಾಗ ಒಂದು ಲೋಟ ಮಜ್ಜಿಗೆ ಕೊಟ್ಟೋರಿರ್ನಿಲ್ಲ" ಎಂದೆ. "ಆಗ ನಾನೆಲ್ಲಿದ್ದೆ? ನಮ್ಮವ್ವನ ಮನೇಲಿ ಲಂಗ ಹಾಕ್ಕಂಡು ಓಡಾಡ್ತಿದ್ದೆ" ಎಂದಳು. ಅವಳಿಗೆ ನನ್ನ ಒಳಗಿನದು ತಿಳಿಯಲಿಲ್ಲ; ತಿಳಿದಿದ್ದರೂ ನನ್ನ ವಯಸ್ಸಿಗೆ ಹಾಗೊಂದು ಇರಬಹುದೆಂದು ನಂಬುತ್ತಿರಲಿಲ್ಲ.

ಶ್ರಾವಣದ ಕೊನೆಯಲ್ಲಿ ಮಂಡ್ಯದ ಪತ್ರಿಕೆಯೊಂದರಲ್ಲಿ ಆ ಗುಂಪಿನ ಫೋಟೋ ಬಂತು. ಕೆಳಗೆ ಭಾಗ್ಯಳ ಬಗ್ಗೆ ನಾಲ್ಕು ಸಾಲು: ಮೂಳೆ ಮುರಿದು ಓಟ ಬಿಟ್ಟವಳು, ಮಗುವಿನ ತಾಯಿ, ಈಗ ಮೊದಲ ಮ್ಯಾರಥಾನಿಗೆ ಸಿದ್ಧ. ನರ್ಸಮ್ಮನ ತರಬೇತಿ ಎಂದಿತ್ತು. ನಾನು ಕನ್ನಡಕ ಒರೆಸಿಕೊಂಡು ನನ್ನ ಹೆಸರು ಹುಡುಕಿದೆ. ನಾಲ್ಕು ಸಾಲಲ್ಲಿ ಹುಡುಕುವುದೇನಿದೆ? ಆದರೂ ಎರಡು ಸಲ ಹುಡುಕಿದೆ. ಮಧ್ಯಾಹ್ನ ಭಾಗ್ಯ ಬಂದು "ದೊಡ್ಮಾವ, ನಿಮ್ ಹೆಸ್ರೂ ಹೇಳಿದ್ದೆ, ಅವ್ರು ಹಾಕೇ ಇಲ್ಲ" ಎಂದು ಸಪ್ಪೆ ಮುಖ ಮಾಡಿದಳು. ನಾನು ನಂಬಲಿಲ್ಲ. ಈಗ ನಂಬುತ್ತೇನೆ.

ಗಣೇಶನ ಹಬ್ಬ ಮುಗಿದು ಮೂರನೆಯ ದಿನ ನಾಗಮಂಗಲದಿಂದ ಫೋನು ಬಂತು. ಅಲ್ಲಿ ಚಿನ್ನದ ಕೆಲಸ ಮಾಡಿಕೊಂಡಿದ್ದ ನಮ್ಮ ಚಿಕ್ಕಪ್ಪ ಬಸವಾಚಾರ್ ತೀರಿಕೊಂಡರು. ನನ್ನ ತಾತನ ತಮ್ಮನ ಮಗ. ತೊಂಬತ್ತು ದಾಟಿದ ಜೀವ. ನಾನು ಒಬ್ಬನೇ ಮಣ್ಣಿಗೆ ಹೋಗಿ ಬಂದೆ. ಸಂಜೆ ಕಾಳಪ್ಪ ಜಗುಲಿಗೆ ಬಂದು ಕೂತ. ಅವನ ಹಿಂದೆ ಬಾಗಿಲಲ್ಲಿ ಜಯಮ್ಮ, ಅವಳ ಹಿಂದೆ ಭಾಗ್ಯ.

"ಅಣ್ಣ, ನಮ್ಗೆ ಸೂತ್ಕ ಬತ್ತದಾ?"

ನಮ್ಮಲ್ಲಿ ದಾಯಾದಿ ಸತ್ತರೆ ಹತ್ತು ದಿನ ಸೂತಕ. ಮನೆಯಲ್ಲಿ ದೀಪ ಹಚ್ಚುವಂತಿಲ್ಲ, ಶುಭದ ಕೆಲಸಕ್ಕೆ, ಸಂಭ್ರಮಕ್ಕೆ ಹೋಗುವಂತಿಲ್ಲ. ಯಾರಿಗೆ ಸೂತಕ, ಯಾರಿಗೆ ಇಲ್ಲ ಎಂದು ಹೇಳುವವನು ವಂಶದಲ್ಲಿ ಹಿರಿಯ. ಅಪ್ಪ ಹೋದ ಮೇಲೆ ಆ ಮಾತು ನನ್ನದು. ಸುತ್ತಲ ಹಳ್ಳಿಯ ನಮ್ಮ ಜನರೂ ನನ್ನನ್ನೇ ಕೇಳುತ್ತಿದ್ದರು. ಏಳು ತಲೆಯ ಹೆಸರು ನನಗೆ ನಾಲಿಗೆಯ ಮೇಲಿತ್ತು.

ನನಗೆ ಏನು ಗೊತ್ತಿತ್ತೆಂದು ಇಲ್ಲಿ ಹೇಳಿಬಿಡುತ್ತೇನೆ. ಬಸವಾಚಾರ್ ಚಿಕ್ಕ ಹುಡುಗನಾಗಿದ್ದಾಗಲೇ ಸಂತೆಬಾಚಹಳ್ಳಿಯ ಮಕ್ಕಳಿಲ್ಲದ ಅಕ್ಕಸಾಲಿಯೊಬ್ಬರಿಗೆ ದತ್ತು ಹೋದವರು. ಅವರ ಗೋತ್ರವೇ ಬೇರೆಯಾಯಿತು. ಅವರ ಹೆತ್ತ ತಂದೆ ತೀರಿಕೊಂಡಾಗ ನಾನು ಹುಡುಗ. ಕೊಳ್ಳಿ ಇಟ್ಟವರು ನಮ್ಮಪ್ಪ. ಹೆತ್ತ ಮಗ ದೂರ ಕಟ್ಟೆಯ ಮೇಲೆ ಕೂತು ಅಳುತ್ತಿದ್ದುದನ್ನು ಕಣ್ಣಾರೆ ನೋಡಿದ್ದೇನೆ. "ಕೊಟ್ಮೇಲೆ ಅವನು ನಮ್ಮೋನಲ್ಲ. ಅವನು ಹೋದ್ರೆ ನಾವು ತಲೆಗೊಂದು ಸ್ನಾನ ಮಾಡುದ್ರೆ ಮುಗೀತು" ಎಂದು ಅಪ್ಪ ಆವತ್ತು ದಾರಿಯಲ್ಲಿ ಹೇಳಿದ್ದರು. ಕಾಳಪ್ಪ ಆಗಿನ್ನೂ ಹುಟ್ಟಿರಲಿಲ್ಲ. ಬಸವಾಚಾರ್ ಕೊನೆಯವರೆಗೂ ಪ್ರೀತಿಯಿಂದ ನಮ್ಮ ಮನೆದೇವರ ಪೂಜೆಗೆ ಬರುತ್ತಿದ್ದುದರಿಂದ ಕಿರಿಯರೆಲ್ಲ ಅವರನ್ನು ದಾಯಾದಿ ಎಂದೇ ತಿಳಿದಿದ್ದರು. ನಿಜ ಬಲ್ಲವನು ನಮ್ಮೂರಲ್ಲಿ ನಾನೊಬ್ಬನೇ ಉಳಿದಿದ್ದೆ.

ಓಟ ಮುಂದಿನ ಭಾನುವಾರ. ಭಾಗ್ಯ ಬಾಗಿಲ ಚೌಕಟ್ಟು ಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಬರ್ದೆ ಇನ್ನೇನು? ತಾತನ ತಮ್ಮನ ಮಗ. ಹತ್ತು ದಿನ" ಎಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು!

"ಅಣ್ಣ, ಭಾಗ್ಯಂದು ಭಾನ್ವಾರ ಓಟ ಅದಲ್ಲಾ" ಎಂದ ಕಾಳಪ್ಪ. "ಸೂತ್ಕದಲ್ಲೂ ಫ್ಯಾಕ್ಟ್ರಿಗೆ ಹೋಗ್ತಾರಲ್ಲ, ಇದಕ್ಯಾಕೆ ಹೋಗ್ಬಾರ್ದು?"

"ಫ್ಯಾಕ್ಟ್ರಿ ಹೊಟ್ಟೆಪಾಡು ಕಣ್ಲಾ. ಇದು ಆಟ. ಹೆಣ ಎತ್ತಿದ ಮನೆಯೋರು ಕೊರಳಿಗೆ ಪದಕ ಹಾಕ್ಕಂಡು, ತಮಟೆ ಮುಂದೆ ಕುಣ್ಕಂಡು ಬರೋದಾ? ನಾನು ಬ್ಯಾಡ ಅನ್ನಲ್ಲಪ್ಪ. ಮನೇಲಿ ಮಗು ಅದೆ. ನಾಳೆ ಹೆಚ್ಚುಕಮ್ಮಿ ಆದ್ರೆ ನನ್ನ ಕೇಳ್ಬೇಡಿ."

ಮಗುವಿನ ಮಾತು ತೆಗೆದರೆ ಜಯಮ್ಮ ಮುಂದಿನದನ್ನು ನೋಡಿಕೊಳ್ಳುತ್ತಾಳೆಂದು ನನಗೆ ಗೊತ್ತಿತ್ತು. "ಅಯ್ಯೋ ಬ್ಯಾಡ ಕಣ್ ಬುಡಿ!" ಎಂದು ಅವಳು ಎದೆ ಹಿಡಿದುಕೊಂಡಳು. ನನ್ನ ಮಾತಿನ ಮೇಲೆ ಭಾಗ್ಯಳಿಗೆ ಅನುಮಾನವೇ ಬರಲಿಲ್ಲ. ಒಳಗೆ ಹೋಗಿ ಮಗಳಿಗೆ ಊಟ ಹಾಕಿದಳು. ತಟ್ಟೆಯ ಸದ್ದು ಗೋಡೆಯಲ್ಲಿ ಕೇಳಿತು. ರಾತ್ರಿ ಮೋಹನ ಬಂದ. ಮಾತು ಏರುತ್ತದೆ ಎಂದು ಕಾದೆ. ಏರಲಿಲ್ಲ. ನಾನು ಚೆನ್ನಾಗಿ ನಿದ್ದೆ ಮಾಡಿದೆ.

ಭಾನುವಾರ ಬೆಳಿಗ್ಗೆ ಎಂದಿನಂತೆ ಆ ಕಡೆ ಚಿಲಕ ತೆಗೆದ ಸದ್ದಾಯಿತು. ಎದ್ದು ಹೊರಗೆ ಬಂದೆ. ಭಾಗ್ಯ ಅಂಗಳದ ಕಲ್ಲಿನ ಮೇಲೆ ಕೂತಿದ್ದಳು. ತುಂತುರು ಹನಿಯುತ್ತಿತ್ತು. ಓಟಕ್ಕೆ ಹೇಳಿ ಮಾಡಿಸಿದಂಥ ಹವೆ: ತಂಪು, ಗಾಳಿಯಿಲ್ಲ.

"ಈಗ ಹೊಂಟಿರ್ತಾರೆ ದೊಡ್ಮಾವ" ಎಂದಳು. ಅಷ್ಟೇ.

ಅವಳ ಎರಡು ಮಂಡಿಗಳೂ ಸಣ್ಣಗೆ ಅದುರುತ್ತಿದ್ದವು. ನಾಲ್ಕು ತಿಂಗಳು ಪಳಗಿಸಿದ ಕಾಲು. ಯಾವ ದಿನಕ್ಕಾಗಿ ಪಳಗಿಸಿದ್ದಳೋ ಆ ದಿನ ಬಂದಿದೆ ಎಂದು ಅವಕ್ಕೆ ಗೊತ್ತಿತ್ತು, ಸೂತಕ ಗೊತ್ತಿರಲಿಲ್ಲ. ಓಡಿದವನಿಗೆ ಆ ಅದುರು ಅರ್ಥವಾಗುತ್ತದೆ. ಅರ್ಥವಾಗಿಯೂ ನಾನು ಹಲ್ಲುಪುಡಿ ಹುಡುಕಿಕೊಂಡು ಒಳಗೆ ಹೋದೆ.

ಹತ್ತನೆಯ ದಿನ ನಾನೂ ಕಾಳಪ್ಪನೂ ಕಟ್ಟೆಯ ಮೇಲೆ ಕೂತು ಮೀಸೆ ತೆಗೆಸಿಕೊಂಡೆವು. ಕಾಳಪ್ಪನಿಗೆ ಮೀಸೆಯೆಂದರೆ ಪ್ರಾಣ. ಕನ್ನಡಿ ನೋಡಿ "ಥೂ, ಇದ್ಯಾವನ್ಲಾ ಇವನು" ಎಂದ. ಹನ್ನೊಂದನೆಯ ದಿನದ ಕಾರ್ಯಕ್ಕೆ ಅವನೂ ನಾಗಮಂಗಲಕ್ಕೆ ಹೊರಟ. "ನಿಂಗ್ ಬೆನ್ನು ನೋವು, ಬಸ್ಸು ಕುಲುಕ್ತದೆ, ನಾನೊಬ್ನೇ ಹೋಗ್ಬತ್ತೀನಿ ಬುಡು" ಎಂದು ತಡೆದೆ. ಅಲ್ಲಿ ಯಾರ ಬಾಯಿಂದಲಾದರೂ ನಿಜ ಬಿದ್ದೀತೆಂಬ ಭಯ. ಬಿದ್ದದ್ದು ನನ್ನ ಕಿವಿಗೇ. ಬಸವಾಚಾರರ ಮಗ ಶಂಕರ ನನ್ನ ಮುಖ ನೋಡಿ ಗಾಬರಿಯಾದ.

"ಇದ್ಯಾಕಣ್ಣ ಮೀಸೆ ತೆಗೆಸ್ಬುಟ್ಟೆ? ನಿಮಗಿಲ್ಲವಲ್ಲ! ನಮ್ಮಪ್ಪ ದತ್ತು ಬಂದೋರಲ್ವಾ?"

"ಪ್ರೀತಿಗೆ ತೆಗೆಸ್ದೆ ಕಣಪ್ಪ" ಎಂದೆ.

ಶಂಕರ ಎಲ್ಲರ ಎದುರಿಗೆ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ನೋಡ್ರಪ್ಪ, ನಮ್ಮಣ್ಣ ಎಂಥೋನು ಅಂತ, ಎಂದು ನೆಂಟರಿಗೆಲ್ಲ ಹೇಳಿದ. ಎಲೆಯ ಮುಂದೆ ಕೂತರೆ ಅನ್ನ ಕಲಸುವ ಕೈ ನನ್ನದಲ್ಲ ಅನ್ನಿಸಿತು.

ಊರಿಗೆ ಬಂದರೆ ಜಯಮ್ಮ ಭಾಗ್ಯಳ ಶೂಗಳನ್ನು ಅಟ್ಟಕ್ಕೆ ಹಾಕಿದ್ದಳು. "ದೇವ್ರೇ ಬ್ಯಾಡ ಅಂದ ಮೇಲೆ ಇನ್ನೇನು ಭಾವ? ಹಬ್ಬ ಮುಗೀತಿದ್ದಂಗೇ ಸಾವು ಬಂತಲ್ಲ, ಅದೇ ಗುರುತು. ಒಂದ್ಸಲ ಅಂದಿದ್ವಿ. ಆ ಒಂದ್ಸಲ ಮುಗೀತು." ಭಾಗ್ಯ ಫ್ಯಾಕ್ಟರಿ ಬಸ್ಸಿಗೆ ನಡೆದುಕೊಂಡೇ ಹೋಗಲು ಶುರುಮಾಡಿದಳು, ಬಸ್ಸು ಹಾರನ್ ಹೊಡೆದರೂ ಓಡುತ್ತಿರಲಿಲ್ಲ. ಆದರೆ ನನ್ನ ಮೇಲಿನ ವಿಶ್ವಾಸ ಕಡಿಮೆಯಾಗಲಿಲ್ಲ. ಸಂಜೆ ಒಂದು ಲೋಟ ಕಾಫಿ ಗೋಡೆಯಾಚೆಯಿಂದ ಬರುತ್ತಲೇ ಇತ್ತು. "ನೀವ್ ಹೇಳ್ದೆ ಇದ್ದಿದ್ರೆ ನಾನು ಹೋಗ್ಬುಡ್ತಿದ್ದೆ ದೊಡ್ಮಾವ. ಆಮೇಲೆ ಮಗೀಗೆ ಏನಾರ ಆಗಿದ್ರೆ ಜೀವಮಾನ ಕೊರಗ್ಬೇಕಿತ್ತು" ಎಂದಳು ಒಂದು ದಿನ. ಆ ಕಾಫಿಯನ್ನು ಅವಳು ಅತ್ತ ಹೋದ ಮೇಲೆ ದಾಸವಾಳದ ಬುಡಕ್ಕೆ ಸುರಿದೆ. ಆವತ್ತಿನಿಂದ ನಿದ್ದೆ ಕೆಟ್ಟಿತು.

ಮಹಾಲಯ ಅಮಾವಾಸ್ಯೆ ಬಂತು. ಹಿರಿಯರಿಗೆ ಎಡೆ ಇಡುವುದು ನಮ್ಮಲ್ಲಿ ದೊಡ್ಡ ಹಬ್ಬ. ಎರಡೂ ಮನೆಯವರು ನನ್ನ ಮನೆಯ ನಡುಮನೆಯಲ್ಲಿ ಸೇರುತ್ತೇವೆ. ಸಾಲಾಗಿ ಬಾಳೆ ಎಲೆ ಹಾಕಿ, ವಡೆ, ಕಜ್ಜಾಯ, ಪಾಯಸ ಬಡಿಸಿ, ಹಿರಿಯನಾದವನು ಒಂದೊಂದು ಎಲೆಯ ಮುಂದೆ ಒಂದೊಂದು ಹೆಸರು ಹೇಳಿ ನೀರು ಬಿಡಬೇಕು. ಆ ವರ್ಷ ತೀರಿಕೊಂಡ ದಾಯಾದಿಗೂ ಕೊನೆಯಲ್ಲಿ ಒಂದು ಎಲೆ ಹಾಕುವುದು ನಮ್ಮ ಮನೆಯ ಪದ್ಧತಿ. ಭಾಗ್ಯ ಪಾಯಸದ ಪಾತ್ರೆ ಹಿಡಿದು ನನ್ನ ಹಿಂದೆ ಬರುತ್ತಿದ್ದಳು. ಮುತ್ತಾತ, ತಾತ, ಅಜ್ಜಿ, ಅಪ್ಪ, ಅವ್ವ. ಹೆಸರು ಹೇಳುತ್ತ ಕೊನೆಯ ಎಲೆಗೆ ಬಂದೆ. ನಿಂತೆ.

"ನಾಗಮಂಗಲದ ಚಿಕ್ಕಪ್ಪಂದು ಅಣ್ಣ, ಹೇಳು" ಎಂದ ಕಾಳಪ್ಪ.

ಬದುಕಿದವರ ಮುಂದೆ ಒಂದು ಸಲ ಸುಳ್ಳು ಹೇಳಿದ್ದೆ. ಅಪ್ಪನ ಎಲೆಯ ಪಕ್ಕದಲ್ಲಿ, ಯಾರನ್ನು ನಮ್ಮವನಲ್ಲ ಎಂದು ಅಪ್ಪನೇ ಹೇಳಿದ್ದರೋ ಅವರ ಹೆಸರನ್ನು ನಮ್ಮವರೆಂದು ಹೇಳಲು ನಾಲಿಗೆ ಏಳಲಿಲ್ಲ. ನೀರು ಬಿಡದೆ ತಂಬಿಗೆಯನ್ನು ಹಿಂದಕ್ಕೆ ತೆಗೆದೆ.

"ಈ ಎಲೆ ತೆಗೀರಿ. ಅವ್ರು ದತ್ತು ಹೋದೋರು. ನಮ್ಗೆ ಸೂತ್ಕ ಇರ್ನಿಲ್ಲ."

"ಯಾವಾಗ ಗೊತ್ತಾಯ್ತಣ್ಣ?"

"ಮೊದ್ಲಿಂದ್ಲೂ ಗೊತ್ತಿತ್ತು."

ಕಾಳಪ್ಪನ ಕೈ ತಾನಾಗಿ ಮೇಲ್ದುಟಿಗೆ ಹೋಯಿತು. "ನನ್ ಮೀಸೇನೂ ತೆಗೆಸ್ಬುಟ್ಯಲ್ಲೋ!" ಎಂದ. ಇನ್ನೊಂದು ದಿನವಾಗಿದ್ದರೆ ಎಲ್ಲರೂ ನಗುತ್ತಿದ್ದರು. ಆಮೇಲೆ ಅವನಿಗೆ ಉಳಿದದ್ದೂ ಹೊಳೆಯಿತು. ತಿರುಗಿ ಸೊಸೆಯನ್ನು ನೋಡಿದ.

ಭಾಗ್ಯ ಪಾತ್ರೆಯನ್ನು ನೆಲಕ್ಕಿಟ್ಟಳು. "ಯಾಕೆ ದೊಡ್ಮಾವ?"

"ಹೊಟ್ಟೆಕಿಚ್ಚು ಕಣವ್ವ."

"ಯಾರ್ ಮೇಲೆ?"

"ನಿನ್ ಮೇಲೆ."

"ನನ್ ಮೇಲಾ?" ಎಂದಳು. ನಾನು ಸುಳ್ಳು ಹೇಳುತ್ತಿರುವೆನೇನೋ ಎಂಬಂತೆ ನೋಡಿದಳು. "ಬೆಳಗಾನ ಎದ್ದು ಕಸ ಗುಡಿಸಿ, ಅಡುಗೆ ಮಾಡಿ, ಬಸ್ಸಲ್ಲಿ ನಿಂತ್ಕಂಡು ಹೋಗಿ, ದಿನಾಗ್ಲೂ ಕಾಲರ್ ಹೊಲೆಯೋಳು ನಾನು. ಹುಟ್ಟಿದಾಗಿಂದ ನನ್ನ ನೋಡಿ ಯಾರೂ ಹೊಟ್ಟೆ ಉರ್ಕಂಡಿರ್ನಿಲ್ಲ ದೊಡ್ಮಾವ." ನಗು ಬಂತು ಅವಳಿಗೆ. ನಗುತ್ತಿದ್ದವಳು ಅಲ್ಲೇ ಗೋಡೆಗೆ ಒರಗಿ ಕುಸಿದು ಅತ್ತಳು. ಅಷ್ಟು ದಿನ ಅತ್ತಿರಲಿಲ್ಲ. ಪುಟ್ಟತಾಯಿ ನನ್ನನ್ನು ದಾಟಿಕೊಂಡು ಹೋಗಿ ಅವಳ ತಲೆ ಹಿಡಿದುಕೊಂಡಳು.

ಸ್ವಲ್ಪ ಹೊತ್ತಾದ ಮೇಲೆ ಭಾಗ್ಯ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ಇನ್ಮೇಲೆ ಯಾರಾರ ಸತ್ರೆ ನಾನು ನಿಮ್ಮ ಕೇಳಲ್ಲ" ಎಂದಳು. ಸಿಟ್ಟಿರಲಿಲ್ಲ. ಅಂಗಡಿ ಬದಲಾಯಿಸುವವರು ಹೇಳುವಂತೆ ಹೇಳಿದಳು.

"ಮುಂದಿನ್ ವರ್ಷ ಓಡ್ತಾಳೆ" ಎಂದ ಕಾಳಪ್ಪ, ಹೆಂಡತಿಯ ಕಡೆ ತಿರುಗಿ. ಅವನ ದನಿ ಅಷ್ಟು ಜೋರಾಗಿದ್ದನ್ನು ನಾನು ಕೇಳಿರಲಿಲ್ಲ. "ಮನೇಲಿ ನನ್ ಹೆಣ ಬಿದ್ದಿದ್ರೂ ಓಡ್ತಾಳೆ."

"ಬುಡ್ತು ಅನ್ನಿ! ಹಿರೀಕ್ರ ಮುಂದೆ ಏನ್ ಮಾತು" ಎಂದಳು ಜಯಮ್ಮ. ಬೇಡ ಎನ್ನಲಿಲ್ಲ. ಗುರುತು ಎಂದುಕೊಂಡಿದ್ದು ಗುರುತಾಗಿರಲಿಲ್ಲವಲ್ಲ.

ಆ ವರ್ಷದ ಎಡೆಯನ್ನು ನನ್ನ ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಕಾಳಪ್ಪ ನನ್ನ ಜೊತೆ ಮಾತು ಬಿಟ್ಟ. ಆರು ತಿಂಗಳ ಮೇಲೆ ಶುರುಮಾಡಿದ, ಅದೂ ಬಾವಿಯ ಮೋಟಾರಿನ ವಿಷಯಕ್ಕೆ. ಸುದ್ದಿ ಡೇರಿಗೂ ಹೋಯಿತು. ಈಗ ನಮ್ಮ ಜನ ಸೂತಕದ ಮಾತು ಬಂದರೆ ಮೇಲುಕೋಟೆ ರಸ್ತೆಯ ಇನ್ನೊಬ್ಬ ಹಿರಿಯರ ಹತ್ತಿರ ಹೋಗುತ್ತಾರೆ. ಅವರಿಗೆ ಮೂರು ತಲೆಗಿಂತ ಹಿಂದೆ ಗೊತ್ತಿಲ್ಲ. ನನಗೆ ಏಳು ತಲೆ ಗೊತ್ತು. ಕೇಳುವವರಿಲ್ಲ.

ಮರುವರ್ಷ ಭಾಗ್ಯ ಓಡಿದಳು. ಮನೆಯವರೆಲ್ಲ ಹಿಂದಿನ ದಿನವೇ ವ್ಯಾನು ಮಾಡಿಕೊಂಡು ಮೈಸೂರಿಗೆ ಹೋದರು, ಪುಟ್ಟತಾಯಿಯೂ. ನನ್ನನ್ನು ಕರೆಯಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ. ಓಟದ ದಾರಿ ಮೈಸೂರಿನಿಂದ ಹೊರಟು ಬೆಳಗೊಳಕ್ಕೆ ಬಂದು ತಿರುಗುತ್ತದೆ ಎಂದು ಕೇಳಿದ್ದೆ. ಮೊದಲ ಬಸ್ಸು ಹಿಡಿದು ಹೋದೆ. ರಸ್ತೆ ಬದಿಯಲ್ಲಿ ಊರಿನ ಹೆಂಗಸರು ಮೇಜು ಹಾಕಿ ಓಡುವವರಿಗೆ ಪೇಪರ್ ಲೋಟದಲ್ಲಿ ನೀರು ಕೊಡುತ್ತಿದ್ದರು. ಕೈ ಸಾಲದೆ ಒದ್ದಾಡುತ್ತಿದ್ದವರೊಬ್ಬರು "ತಾತ, ಸುಮ್ನೆ ನಿಂತ್ಕಂಡಿದ್ದೀರಲ್ಲ, ಒಂದ್ ಕೈ ಹಾಕಿ" ಎಂದರು. ಮೇಜಿನ ಈಚೆಗೆ ಬಂದು ಲೋಟ ಹಿಡಿದು ನಿಂತೆ.

ಬಿಸಿಲು ಏರಿತ್ತು. ಭಾಗ್ಯ ದೂರದಲ್ಲಿ ಕಾಣಿಸಿಕೊಂಡಾಗ ಓಡುವ ರೀತಿಯಿಂದಲೇ ಗುರುತು ಹಿಡಿದೆ. ಮುಖ ಸುಣ್ಣವಾಗಿತ್ತು. ತುಟಿ ಒಡೆದಿತ್ತು. ಕಾಲು ಮಾತ್ರ ತನ್ನ ಪಾಡಿಗೆ ತಾನು, ಒಂದೇ ಹದದಲ್ಲಿ, ನೆಲ ಬಿಟ್ಟು ನೆಲ ಮುಟ್ಟುತ್ತಿತ್ತು. ಅಷ್ಟು ಚೆನ್ನಾಗಿ ನಾನು ಒಂದು ದಿನವೂ ಓಡಿರಲಿಲ್ಲ. ನೋಡುತ್ತಿದ್ದಂತೆ ಅದೇ ಹಳೆಯ ಕಿಚ್ಚು ಹೊಟ್ಟೆಯಲ್ಲಿ ಎದ್ದಿತು. ಎಡವಲಿ ಎಂದು ಒಂದು ಗಳಿಗೆ ಅನ್ನಿಸಿತು. ಇದನ್ನು ಬರೆಯದೆ ಬಿಟ್ಟರೆ ಮೇಲೆ ಬರೆದದ್ದೆಲ್ಲ ಸುಳ್ಳಾಗುತ್ತದೆ.

ಕೈ ಚಾಚಿದೆ. ಭಾಗ್ಯ ಲೋಟ ಕಿತ್ತುಕೊಂಡಳು. ಅರ್ಧ ಕುಡಿದು, ಅರ್ಧ ಕತ್ತಿಗೆ ಸುರಿದುಕೊಂಡು, ಲೋಟ ಎಸೆದು ಮುಂದೆ ಹೋದಳು. ಕೊಟ್ಟ ಕೈ ಯಾರದೆಂದು ನೋಡಲಿಲ್ಲ. ಅವಳ ಕಣ್ಣು ರಸ್ತೆಯ ಮೇಲಿತ್ತು. ನಾನು ಅವಳ ಹೆಸರು ಕೂಗಬಹುದಿತ್ತು.

"ತಾತ, ಹಿಂದಿನೋರು ಬತ್ತಾವ್ರೆ, ನೀರ್ ಹಿಡೀರಿ!" ಎಂದರು ಪಕ್ಕದಾಕೆ.

ಇನ್ನೊಂದು ಲೋಟ ತುಂಬಿಸಿಕೊಂಡೆ. ಬರುತ್ತಿದ್ದವನು ಯಾವ ಊರಿನವನೋ, ದಪ್ಪನೆಯ ಗಂಡಸು, ಒಂದು ಕಾಲು ಎಳೆಯುತ್ತಿದ್ದ. ರಸ್ತೆಗೆ ಎರಡು ಹೆಜ್ಜೆ ಇಳಿದು ಅವನಿಗೆ ಕೈ ಚಾಚಿದೆ.